ಅಮೆರಿಕದ ಎಣ್ಣೆ ಉಕ್ಕಿದರೆ ಕಲಬುರಗಿಯಲ್ಲಿ ಡೀಸೆಲ್ ಇಳಿಯುತ್ತಾ?

ಅಮೆರಿಕದಲ್ಲಿ ಕಚ್ಚಾ ತೈಲ ಬೇಕಾದಷ್ಟಿದೆ, ಇನ್ನು ಡೀಸೆಲ್ ಅಗ್ಗ ಆಗುತ್ತೆ ಅಂತ ನಮ್ಮ ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಫಾರ್ವರ್ಡ್ ಬರುತ್ತದೆ. ಆಗಲಿ, ನನಗೂ ಅದೇ ಬೇಕು. ಆದರೆ ಅಲ್ಲಿ ಉಕ್ಕುತ್ತಿರುವುದು ಎಂಥ ಎಣ್ಣೆ ಅಂತ ಯಾರೂ ಕೇಳುವುದಿಲ್ಲ.

ಅದು ಹಗುರ ಎಣ್ಣೆ, ಅಂದರೆ ತೆಳ್ಳಗೆ ಸುಲಭವಾಗಿ ಹರಿಯುವಂಥದ್ದು; ದಪ್ಪಗಿರುವುದು ಭಾರದ ಎಣ್ಣೆ. ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೋದ ಪರ್ಮಿಯನ್ ಪ್ರದೇಶದಲ್ಲಿ ಬಂಡೆ ಸೀಳಿ ತೆಗೆಯುತ್ತಾರೆ. 2024ರಲ್ಲಿ ಅಮೆರಿಕ ದಿನಕ್ಕೆ ಸುಮಾರು 1.32 ಕೋಟಿ ಬ್ಯಾರೆಲ್ ತೆಗೆಯಿತು, ಅದರಲ್ಲಿ 40 ಲಕ್ಷದಷ್ಟು ಹೊರದೇಶಕ್ಕೆ ಹೋಯಿತು. 1975ರಿಂದ ಇದ್ದ ರಫ್ತು ನಿಷೇಧ 2015ರ ಡಿಸೆಂಬರ್‌ನಲ್ಲಿ ತೆಗೆದಿದ್ದರಿಂದ ಇದೆಲ್ಲ ಸಾಧ್ಯವಾಯಿತು. ಅಲ್ಲಿನ ಎಷ್ಟೋ ರಿಫೈನರಿಗಳನ್ನು ಕಟ್ಟಿದ್ದೇ ಭಾರದ ಎಣ್ಣೆಗೆ, ಹಾಗಾಗಿ ಹಗುರದ್ದನ್ನು ಯುರೋಪಿಗೆ, ಏಷ್ಯಾಕ್ಕೆ ಮಾರಿ ಕೆನಡಾದಿಂದ ಭಾರದ್ದನ್ನು ತರಿಸಿಕೊಳ್ಳುತ್ತಾರೆ.

ಈ ಬಾವಿಗಳು ಬೇಗ ಬತ್ತುತ್ತವೆ. ಮೊದಲ ವರ್ಷದಲ್ಲೇ ಇಳುವರಿ ಅರ್ಧಕ್ಕಿಂತ ಜಾಸ್ತಿ ಕುಸಿಯುತ್ತದೆ, ಹೊಸದು ಕೊರೆಯುತ್ತಲೇ ಇರಬೇಕು. ಬೆಲೆ ಬಿದ್ದರೆ ಕೊರೆಯುವವರು ಕೈ ಎತ್ತುತ್ತಾರೆ, ಒಂದಷ್ಟು ತಿಂಗಳಲ್ಲಿ ಉತ್ಪಾದನೆಯೂ ಇಳಿಯುತ್ತದೆ, ಬೆಲೆ ಮತ್ತೆ ಏರುತ್ತದೆ. ಹಾಗಾಗಿ ಈ ಅಗ್ಗ ಬಹಳ ದಿನ ನಿಲ್ಲುತ್ತೆ ಅಂತ ನನಗನ್ನಿಸುವುದಿಲ್ಲ.

ಇನ್ನೊಂದು ವಿಷಯ. ಹಗುರ ಎಣ್ಣೆಯಿಂದ ಪೆಟ್ರೋಲ್ ಮತ್ತು ನಾಫ್ತಾ (ಪ್ಲಾಸ್ಟಿಕ್ ಮುಂತಾದವಕ್ಕೆ ಬಳಸುವ ಹಗುರ ದ್ರವ) ಜಾಸ್ತಿ ಬರುತ್ತದೆ, ಡೀಸೆಲ್ ಪಾಲು ಕಡಿಮೆ. ನಮ್ಮ ಕಡೆ ಬದುಕು ನಡೆಯುವುದು ಡೀಸೆಲ್ ಮೇಲೆ. ಸೇಡಂ ಸಿಮೆಂಟ್ ಲಾರಿ, ಟ್ರ್ಯಾಕ್ಟರ್, ತೊಗರಿ ರಾಶಿ ಮಷೀನ್, ಎಲ್ಲಾ ಅದೇ. ರಾಶಿಗೆ ಬಂದವನು ಮೊದಲು ಟ್ಯಾಂಕಿಗೆ ಕಡ್ಡಿ ಇಳಿಸಿ ಎಷ್ಟಿದೆ ಅಂತ ನೋಡುತ್ತಾನೆ, ಆಮೇಲೆ ಗಂಟೆಗೆ ಇಷ್ಟು ಅಂತ ಬಾಡಿಗೆ ಹೇಳುತ್ತಾನೆ. ಅವನ ತಪ್ಪೇನಿದೆ? ಒಮ್ಮೆ ಏರಿದ ಬಾಡಿಗೆ ಮಾತ್ರ ಇಳಿದಿದ್ದು ನಾನು ಕಂಡಿಲ್ಲ. ತೊಗರಿಗೆ ಎಪಿಎಂಸಿಯಲ್ಲಿ ಎಷ್ಟು ಸಿಗುತ್ತದೋ ಗೊತ್ತಾಗುವ ಮೊದಲೇ ಆ ದುಡ್ಡು ಕೈಬಿಟ್ಟಿರುತ್ತದೆ.

ಮೇಲೆ ತೆರಿಗೆ. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ. 18.44 ಆಯಿತು, 2025ರ ಏಪ್ರಿಲ್‌ನಲ್ಲಿ ಶೇ. 21.17. ಕೇಂದ್ರದ ಅಬಕಾರಿ ಸುಂಕ ಬೇರೆ. ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲೇ ಕಡಿಮೆ ಅಂತ ಸರ್ಕಾರ ಹೇಳಬಹುದು, ಆದರೆ ಹೊಲದಲ್ಲಿ ನಿಂತವನಿಗೆ ಆ ಹೋಲಿಕೆಯಿಂದ ಏನು ಉಪಯೋಗ?

ಹೊರಗೆ ಕಚ್ಚಾ ತೈಲ ಇಳಿದಾಗ ಇಲ್ಲಿ ತೆರಿಗೆ ಏರಿಸಿ ಆ ಇಳಿಕೆಯನ್ನು ನುಂಗಬೇಡಿ. ಡಿಸೆಂಬರ್, ಜನವರಿಯ ತೊಗರಿ ರಾಶಿಗಾದರೂ ಡೀಸೆಲ್ ತೆರಿಗೆ ಇಳಿಸಿ ಅಂತ ಕಲಬುರಗಿ, ಬೀದರ್, ಯಾದಗಿರಿಯ ಶಾಸಕರು ಪಕ್ಷ ನೋಡದೆ ಒಟ್ಟಾಗಿ ವಿಧಾನಸಭೆಯಲ್ಲಿ ಕೇಳಬೇಕು. ನಿಮ್ಮ ಶಾಸಕರು ಸಿಕ್ಕಾಗ ಇದನ್ನೇ ಕೇಳಿ.