ಲಾಲ್‌ಬಾಗಿನಲ್ಲಿ ಮರ ಜಾಸ್ತಿಯಾಗಿವೆ

ಲಾಲ್‌ಬಾಗಿಗೆ ಕಾರಲ್ಲಿ ವಾಕಿಂಗ್ ಬರುವವರ ಕಷ್ಟ ಯಾರಿಗೂ ಬೇಡ. ಎರಡು ಕಿಲೋಮೀಟರ್ ದೂರದ ಮನೆಯಿಂದ ಟ್ರಾಫಿಕ್ಕಿನಲ್ಲಿ ಬರಬೇಕು. ಗೇಟಿನ ಪಕ್ಕದಲ್ಲೇ ಜಾಗ ಸಿಗಬೇಕು. ಇನ್ನೂರು ಹೆಜ್ಜೆ ಆಚೆ ನಿಲ್ಲಿಸಿದರೆ ನಡೆಯಬೇಕಾಗುತ್ತೆ ಅಲ್ವಾ? ಹಾಗಾಗಿ ಸುತ್ತು ಹೊಡೆಯುತ್ತಾರೆ. ಜಾಗ ಸಿಕ್ಕ ಕೂಡಲೇ ಕೈಯಲ್ಲಿನ ವಾಚು ಒತ್ತಿ ಹತ್ತು ಸಾವಿರ ಹೆಜ್ಜೆ ಶುರು. ಆಮೇಲೆ ಗೇಟಿನ ಹೊರಗೆ ಒಂದು ಲೋಟ ಬೂದುಗುಂಬಳದ ಜ್ಯೂಸ್ ಕುಡಿದು, ಮುಖ ಕಿವಿಚಿ, 'ಈ ಊರಲ್ಲಿ ಉಸಿರಾಡೋಕೆ ಆಗಲ್ಲ ಕಣ್ರೀ' ಎಂದು ಕಾರಿನ ಗ್ಲಾಸು ಏರಿಸಿ ಹೊರಡುತ್ತಾರೆ.

ಇಂಥವರ ಪಾರ್ಕಿಂಗಿಗಾಗಿ ಒಂದು ಸಭೆ ನಡೆಯಲೇಬೇಕು. ನಡೆಯಿತು ಅಂತಲೇ ಇಟ್ಟುಕೊಳ್ಳಿ.

ಬೆಂಗಳೂರಿನ ಕಾರ್ಪೊರೇಟರ್‌ಗಳ ಕಿರಿಕಿರಿ ಇರಲಿಲ್ಲ. ಅವರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು, ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಚುನಾವಣೆ ಬದಲು 2025ರಲ್ಲಿ ಒಂದು ಪಾಲಿಕೆಯನ್ನು ಒಡೆದು ಐದು ಮಾಡಿದರು. ಜನಪ್ರತಿನಿಧಿಗಳೇ ಇಲ್ಲದಿದ್ದರೆ ಚರ್ಚೆ ಎಷ್ಟು ಸಲೀಸು ನೋಡಿ. ಎಲ್ಲರೂ ಅಧಿಕಾರಿಗಳೇ, ಎಲ್ಲರಿಗೂ ಡ್ರೈವರ್ ಇದ್ದಾರೆ.

'ಒಟ್ಟು 240 ಎಕರೆ ಇದೆ ಸಾರ್. ಎಕರೆಗೆ ನೂರೈವತ್ತು ಕಾರು ಹಿಡಿದರೂ 36 ಸಾವಿರ ಕಾರು ನಿಲ್ಲುತ್ತೆ. ಸುಮ್ನೆ ಮರ ನಿಂತಿವೆ.'

'ಊರಲ್ಲಿ ಕಾರು ಎಷ್ಟಿದೆ?'

'ಎಲ್ಲಾ ವಾಹನ ಸೇರಿ ಕೋಟಿ ದಾಟಿದೆ. ಕಾರು 20 ಲಕ್ಷಕ್ಕೂ ಜಾಸ್ತಿ.'

ಯಾರೋ ಮೊಬೈಲಿನಲ್ಲಿ ಭಾಗಿಸಿ ನೋಡಿದರು. ಐವತ್ತೈದಕ್ಕೂ ಜಾಸ್ತಿ ಲಾಲ್‌ಬಾಗ್ ಬೇಕು. ಹೈದರಾಲಿ 1760ರಲ್ಲಿ ಒಂದನ್ನೇ ಶುರು ಮಾಡಿಸಿ ಸುಮ್ಮನಾದ. ದೂರದೃಷ್ಟಿ ಇಲ್ಲದ ಆಡಳಿತ.

ಬಂಡೆಯ ವಿಷಯ ಬಂತು. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಬೋರ್ಡೂ ಇದೆ. 'ಇಷ್ಟು ವರ್ಷದಲ್ಲಿ ಒಂದು ರೂಪಾಯಿ ಆದಾಯ ಕೊಟ್ಟಿದೆಯಾ?' ಎಂದರು ಹಣಕಾಸಿನವರು. 2025ರಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಯ ನಕ್ಷೆ ಲಾಲ್‌ಬಾಗನ್ನು ಮುಟ್ಟಿದಾಗ ಜನ ಬೀದಿಗಿಳಿದದ್ದು ನೆನಪಾಗಿ, ಬಂಡೆಯನ್ನು ಮುಂದಿನ ಸಭೆಗೆ ಇಟ್ಟರು.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಕೈ ಎತ್ತಿದ. 'ಸಾರ್, ಲಾಲ್‌ಬಾಗ್ ಅಂತಲೇ ಮೆಟ್ರೋ ಸ್ಟೇಷನ್ ಇದೆ. 2017ರಿಂದ ಇದೆ.' ಯಾರೂ ಮಾತಾಡಲಿಲ್ಲ. ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, 'ಸರಿನಪ್ಪಾ, ಮೆಟ್ರೋಗೆ ಬರೋರು ಕಾರು ಎಲ್ಲಿ ನಿಲ್ಲಿಸಬೇಕು?' ಹುಡುಗನ ವರ್ಗಾವಣೆ ಫೈಲು ಅಲ್ಲೇ ತಯಾರಾಯಿತು. ನಮ್ಮಲ್ಲಿ ಬೇಗ ಓಡುವ ಫೈಲು ಅದೊಂದೇ.

ಇನ್ನೊಬ್ಬರಿಗೆ ಫ್ರೀಡಂ ಪಾರ್ಕ್ ನೆನಪಾಯಿತು. ಅಲ್ಲಿ ಕೋಟಿಗಟ್ಟಲೆ ಸುರಿದು ಬಹುಮಹಡಿ ಪಾರ್ಕಿಂಗ್ ಕಟ್ಟಿದ್ದರು. ನಡೆಸುವವರು ಸಿಗದೆ ಬಹಳ ಕಾಲ ಖಾಲಿ ನಿಂತಿತ್ತು. ಪಕ್ಕದ ರಸ್ತೆಗಳಲ್ಲಿ ಮಾತ್ರ ಡಬಲ್ ಸಾಲು ಕಾರು. ದುಡ್ಡು ಕೊಟ್ಟು ನಿಲ್ಲಿಸುವುದು ನಮ್ಮ ಜಾಯಮಾನವಲ್ಲ. ಫುಟ್‌ಪಾತ್ ಇರುವುದು ಮತ್ಯಾಕೆ?

ಕೊನೆಗೆ ಮರಗಳೇ ಹೋಗಲಿ ಅಂತಾಯಿತು. ಕಡಿಯುವುದಲ್ಲ, 'ಸ್ಥಳಾಂತರ'. ಬೇರು ಸಮೇತ ಕಿತ್ತು ಊರಾಚೆ ನೆಟ್ಟು ಫೋಟೋ ತೆಗೆಯುವುದು, ಬದುಕುವುದು ಮರದ ಜವಾಬ್ದಾರಿ. ಗಾಜಿನ ಮನೆಗೆ ಹೇಗೂ ಚಾವಣಿ ಇದೆ, ಅದನ್ನು ವಿಐಪಿ ಪಾರ್ಕಿಂಗಿಗೆ ಇಟ್ಟುಕೊಂಡರು.

ಒಂದೇ ತಕರಾರು ಉಳಿಯಿತು. ಮರ ಹೋದ ಮೇಲೆ ಕಾರು ಬಿಸಿಲಿಗೆ ಕಾಯುತ್ತೆ. ಸೀಟು ಮುಟ್ಟೋಕಾಗಲ್ಲ. ತಗಡಿನ ಶೆಡ್ಡಿಗೆ ಟೆಂಡರ್ ಕರೆಯಲು ಎಲ್ಲರೂ ಒಪ್ಪಿದರು. ತಗಡಿನ ಬಣ್ಣ ಮಾತ್ರ ಹಸಿರೇ ಇರಬೇಕು ಎಂದು ಪರಿಸರ ವಿಭಾಗದವರು ಪಟ್ಟು ಹಿಡಿದರು.