65 ಅಡಿಗೆ ಬಿದ್ದ ಚಪ್ಪಾಳೆ

ನಿನ್ನೆ ಕೋಲಾರದ ಕಡೆ ಒಂದು ರೈತರ ಸಭೆಗೆ ಹೋಗಿದ್ದೆ. ಹೋಗಬಾರದಿತ್ತು. ನನ್ನ ಬಿಪಿ ಕಥೆ ನಿಮಗೆಲ್ಲ ಗೊತ್ತೇ ಇದೆ.

ಪರದೆ ಮೇಲೆ 30 ವರ್ಷದ ಅಂತರ್ಜಲದ ಗ್ರಾಫ್ ಬಂತು. ಒಂದೇ ಗೆರೆ. ಇಳೀತಾ ಇಳೀತಾ ಬಂದು, 2021ರ ನವೆಂಬರ್ ಮಳೆ ಆದಮೇಲೆ ಜಿಗಿದು ಮೇಲಕ್ಕೆ ಹೋಗಿದೆ. "65 ಅಡಿ ಏರಿದೆ ನೋಡಿ!" ಅಂದರು. ಚಪ್ಪಾಳೆಯೋ ಚಪ್ಪಾಳೆ. ನನ್ನ ಪಕ್ಕದಲ್ಲಿದ್ದ ಭಾವನವರೂ ತಟ್ಟಿದರು. ಅವರಿಗೆ ಯಾರು ಮೈಕ್ ಹಿಡಿದರೂ ಚಪ್ಪಾಳೆ ತಟ್ಟುವ ಅಭ್ಯಾಸ ಇದೆ ಬಿಡಿ.

ಶುರುವಿನ ಚುಕ್ಕೆಗಳು ಯಾವ ಬಾವಿಯವು ಅಂತ ಎದ್ದು ಕೇಳಿದೆ. ತೆರೆದ ಬಾವಿಯವಂತೆ. ಅದು ಒಣಗಿದ ಮೇಲೆ? ಪಕ್ಕದಲ್ಲಿ ಕೊರೆದ ಬೋರಿನವು. ಎರಡನ್ನೂ ಸೇರಿಸಿ ಒಂದೇ ಗೆರೆ ಎಳೆದಿದ್ದಾರೆ! ಟೇಪು ಹಿಡಿದು ಊರೂರಿನ ಬಾವಿ ಇಣುಕಿದವನಿಗೆ ಇದನ್ನು ನೋಡಿ ಸುಮ್ನೆ ಕೂರೋದು ಹೇಗೆ?

ನಮ್ಮ ಹಳೇ ಬಾವಿಗೆ ಇಳಿದವರಿಗೆ ಗೊತ್ತು. ಮೇಲಿನ 40 ಅಡಿ ಉಗುರಲ್ಲಿ ಕೆರೆದರೆ ಉದುರುವಂಥ ಕಲ್ಲು. ಮಳೆಗಾಲದಲ್ಲಿ ಗೋಡೆ ಪೂರ್ತಿ ಬೆವರಿದ ಹಾಗೆ ಒಸರುತ್ತಿತ್ತು. ಅದರ ಕೆಳಗೆ ಗಟ್ಟಿ ಬಂಡೆ. ಅಲ್ಲಿ ಬೆರಳು ತೂರದಷ್ಟು ಸಣ್ಣ ಬಿರುಕು ಒಂದಿತ್ತು, ನೀರು ಬಂದರೆ ಅದರಿಂದಲೇ ಬರಬೇಕು. ಅಂತರ್ಜಲ ಅಂದಾಜು ಸಮಿತಿಯ 1997ರ ಪದ್ಧತಿ ಇದನ್ನೇ ಅಂಕಿಯಲ್ಲಿ ಹೇಳುತ್ತೆ. ಸವೆದು ಮೆದುವಾದ, ಜೇಡಿ ಕಡಿಮೆ ಇರುವ ಗ್ರಾನೈಟ್ ತನ್ನ ಗಾತ್ರದ ಶೇಕಡಾ 3ರಷ್ಟು ನೀರು ಬಿಟ್ಟುಕೊಡುತ್ತೆ. ಬಿರುಕು ಕಡಿಮೆ ಇರುವ ಗಟ್ಟಿ ಬಂಡೆ ಕೊಡುವುದು ಬರೀ 0.3.

ಈಗ ನೀವೇ ಗುಣಿಸಿ. ತೆರೆದ ಬಾವಿಯಲ್ಲಿ ನೀರು 2 ಮೀಟರ್ ಏರಿದರೆ ಇಂಗಿದ್ದು 60 ಮಿಲಿಮೀಟರ್. ಬಂಡೆಯೊಳಗಿನ ಬೋರಿನಲ್ಲಿ 20 ಮೀಟರ್ ಏರಿದರೂ ಅದೇ 60 ಮಿಲಿಮೀಟರ್. ಅಂದರೆ ನಿನ್ನೆ ಚಪ್ಪಾಳೆ ಗಿಟ್ಟಿಸಿದ 65 ಅಡಿ, ನಮ್ಮಪ್ಪನ ಕಾಲದಲ್ಲಿ ಬಾವಿ ಆರೂವರೆ ಅಡಿ ಏರಿದ್ದಕ್ಕೆ ಸಮ. ಅಷ್ಟಕ್ಕೆ ಆಗ ಯಾರೂ ಶಾಮಿಯಾನ ಹಾಕಿಸುತ್ತಿರಲಿಲ್ಲ.

ಸಾಲದ್ದಕ್ಕೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರ್ತಾ ಇದೆ. ಆ ಗೆರೆಯಲ್ಲಿ ಮಳೆ ಎಷ್ಟು, ಬೆಂಗಳೂರಿನ ಬಚ್ಚಲು ಎಷ್ಟು? ಕೇಳಿದ್ದಕ್ಕೆ "ಎಲ್ಲಾ ನೀರೇ ಅಲ್ವಾ ಸಾರ್" ಅಂದರು.

ಅಳೆಯುವ ಬಾವಿಯೇ ಬತ್ತಿದ ಮೇಲೆ ಬೋರಿಗೆ ಹೋಗದೆ ಇನ್ನೇನು ಮಾಡಬೇಕು ಅಂತ ಕೇಳಬಹುದು. ಹೋಗಲಿ. ಆದರೆ ಗೆರೆಯನ್ನು ಅಲ್ಲಿಗೆ ತುಂಡು ಮಾಡಿ ಮಾರಾಯ್ರೇ! ಅದಕ್ಕೇನು ಅನುದಾನ ಬೇಕಾ?

ಮಳೆಯ ಲೆಕ್ಕದಿಂದಲೂ ಅಂದಾಜು ಮಾಡ್ತಾರೆ, ಇಲ್ಲ ಅನ್ನೋದಿಲ್ಲ. ಅದೇ ಮೆದು ಗ್ರಾನೈಟಿನಲ್ಲಿ ಮಳೆಯ ಶೇಕಡಾ 11 ಇಂಗುತ್ತೆ ಅಂತ. ಬಾವಿಯ ಲೆಕ್ಕಕ್ಕೂ ಮಳೆಯ ಲೆಕ್ಕಕ್ಕೂ ಶೇಕಡಾ 20ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ, ಬಾವಿಯದ್ದನ್ನು ಬಿಟ್ಟು ಮಳೆ ಲೆಕ್ಕದ 0.8 ಪಟ್ಟು ಇಲ್ಲವೇ 1.2 ಪಟ್ಟು ಹಿಡಿಯಬೇಕು. ಸಂತೆಯಲ್ಲಿ ಚೌಕಾಸಿ ಮಾಡಿ "ಆಯ್ತು, ನಿಂದೂ ಬೇಡ ನಂದೂ ಬೇಡ" ಅಂತಾರಲ್ಲ, ಹಾಗೆ. ದೊಡ್ಡ ತಪ್ಪಿಗೆ ಅದೊಂದು ಕಡಿವಾಣ, ಒಪ್ಪಿದೆ. ಆದರೆ ಮೂರು ದಿನ ಬಿಡದೆ ಹೊಡೆದ ಮಳೆಗೂ ತಿಂಗಳಿಡೀ ಉದುರಿದ ತುಂತುರಿಗೂ ಒಂದೇ 11 ಅಂದರೆ ನಮ್ಮೂರ ಕುರಿ ಕಾಯೋ ಹುಡುಗನೂ ನಗ್ತಾನೆ.

ನಾನೇನು ಸಾಚಾ ಅಲ್ಲ. ಹಿಂದೊಮ್ಮೆ ಕ್ಲೋರೈಡ್ ಲೆಕ್ಕದ ಹುಚ್ಚು ಹತ್ತಿತ್ತು. ಅದು ಒಲೆ ಮೇಲೆ ಮರೆತ ಸಾರಿನ ಹಾಗೆ. ನೀರು ಆರಿದಷ್ಟೂ ಉಪ್ಪು ಜಾಸ್ತಿ. ಮಳೆ ನೀರಲ್ಲಿ ಚೂರು ಕ್ಲೋರೈಡ್ ಇರುತ್ತೆ. ಗಿಡಮರ ನೀರು ಕುಡಿದು ಅದನ್ನು ಮಣ್ಣಲ್ಲೇ ಬಿಡುತ್ತವೆ. ಕೆಳಗಿನ ನೀರು ಎಷ್ಟು ಉಪ್ಪಾಗಿದೆಯೋ ಇಂಗಿದ್ದು ಅಷ್ಟು ಕಡಿಮೆ. ಒಂದು ವರ್ಷದ್ದಲ್ಲ, ಎಷ್ಟೋ ವರ್ಷಗಳ ಸರಾಸರಿ ಒಂದೇ ಬಾಟಲಿ ನೀರಲ್ಲಿ ಸಿಗುತ್ತೆ. ನಮ್ಮ ಹೊಲದ ನೀರು ಪರೀಕ್ಷೆ ಮಾಡಿಸಿದೆ. ಇಂಗಿದ್ದು ಏನೇನೂ ಇಲ್ಲ ಅಂತ ಬಂತು. ಊರೆಲ್ಲಾ ಸಾರಿದೆ, ಇಲ್ಲೂ ಉದ್ದಕ್ಕೆ ಬರೆದಿದ್ದೆ, ಕೆಲವರು ಶೇರ್ ಕೂಡ ಮಾಡಿದಿರಿ. ಆಮೇಲೆ ಕೊಟ್ಟಿಗೆಯಲ್ಲಿ ಖಾಲಿ ಪೊಟ್ಯಾಷ್ ಚೀಲ ಕಣ್ಣಿಗೆ ಬಿತ್ತು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ವರ್ಷಾ ವರ್ಷಾ ಟೊಮೆಟೊಗೆ ಸುರಿದವನು ನಾನೇ. ಆ ಪೋಸ್ಟನ್ನು ಸದ್ದಿಲ್ಲದೆ ಅಳಿಸಿದ್ದೆ. ಇವತ್ತು ಒಪ್ಪಿಕೊಳ್ತಾ ಇದ್ದೀನಿ.

ಆದರೂ ಎರಡು ಬಾವಿಗೆ ಒಂದೇ ಗೆರೆ ನಾನು ಯಾವತ್ತೂ ಎಳೆದಿಲ್ಲ.

ವಾಪಸ್ ಬರುವಾಗ ಭಾವ ಕಾರಿನಲ್ಲಿ ಕಿಚಾಯಿಸಿದರು: "ಏನೇ ಹೇಳಪ್ಪ, ನಮ್ಮ ಬೋರಲ್ಲೂ ನೀರು ಮೇಲೆ ಬಂದಿದೆ."

"ಬಂದಿರಲಿ ಭಾವ. ಮೋಟಾರು ಎಷ್ಟು ಹೊತ್ತು ಓಡುತ್ತೆ?"

ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದರು. "ಮೊದಲು ಎರಡು ಗಂಟೆ ಓಡ್ತಿತ್ತು. ಈಗ ಎರಡೂಕಾಲು."