ರವೆಯಲ್ಲಿ ಎಳೆದ ರಂಗೋಲಿ

ಹಾಸನದಲ್ಲಿರುವ ನನ್ನ ಸೋದರತ್ತೆಗೆ ಲಕ್ವ ಹೊಡೆದು ಬಲಗೈ ಸೋತಿತ್ತು. ಹೋದ ಸಲ ಊರಿಗೆ ಹೋದಾಗ ಸಂಜೆ ಹೊತ್ತು ಒಬ್ಬ ಹುಡುಗಿ ಮನೆಗೆ ಬಂದಳು. ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಚಿಕಿತ್ಸೆ, ಓದಿದವಳು. 'ಓಟಿ' ಅಂದರೆ ಆಪರೇಷನ್ ಥಿಯೇಟರಾ ಅಂತ ಜನ ಕೇಳುತ್ತಾರಂತೆ.

"ಕೈ ಸರಿಹೋದರೆ ಮೊದಲು ಏನು ಮಾಡ್ತೀರಿ?" ಅಂತ ಕೇಳಿದಳು. ಅತ್ತೆ, "ಬಾಗಿಲಿಗೆ ರಂಗೋಲಿ" ಅಂದರು. ಹುಡುಗಿ ತಟ್ಟೆಯಲ್ಲಿ ರವೆ ಹರಡಿ ಬೆರಳಿಂದ ಗೆರೆ ಎಳೆಸಿದಳು. ಆಮೇಲೆ ಚಿಟಿಕೆ ಹಿಡಿಸಿದಳು. ಮುಕ್ಕಾಲು ಗಂಟೆ ಆದರೂ ಒಮ್ಮೆಯೂ ಗಡಿಯಾರ ನೋಡಲಿಲ್ಲ.

ಅಮೆರಿಕದಲ್ಲಿ 12 ವರ್ಷದಿಂದ ಫಿಸಿಯೋಥೆರಪಿಸ್ಟ್ ಆಗಿರುವ ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ನಮ್ಮ ಕೆಲಸ ನಡೆಯುವುದು ನಿಮಿಷದ ಲೆಕ್ಕದಲ್ಲಿ. ಮೆಡಿಕೇರ್ ಅಂದರೆ ಮುಖ್ಯವಾಗಿ ವಯಸ್ಸಾದವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ; ಅದರ ಬಿಲ್ಲಿನಲ್ಲಿ 15 ನಿಮಿಷಕ್ಕೆ ಒಂದು ಯೂನಿಟ್. 8 ನಿಮಿಷ ಆಗದಿದ್ದರೆ ಅದೂ ಇಲ್ಲ. ನಾನು ಮೊದಲು ಸೇರಿದ ನರ್ಸಿಂಗ್ ಹೋಮಿನಲ್ಲಿ (ಅಲ್ಲಿ ಹಾಗಂದರೆ ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ) ದಿನದ 90 ಪರ್ಸೆಂಟ್ ಹೊತ್ತು ಬಿಲ್ ಆಗಲೇಬೇಕಿತ್ತು. ನೋಟ್ಸ್ ಬರೆಯುವುದು ರಾತ್ರಿ, ಮನೆಯಲ್ಲಿ. ಆಗ ಒಬ್ಬ ರೋಗಿಗೆ ವಾರಕ್ಕೆ 720 ನಿಮಿಷ ಥೆರಪಿ ಮುಟ್ಟಿದರೆ ಎಲ್ಲಕ್ಕಿಂತ ಮೇಲಿನ ವರ್ಗದ ದರ ಸಿಗುತ್ತಿತ್ತು. ಸುಸ್ತಾಗಿ ಮಲಗಿದ್ದ ಅಜ್ಜನನ್ನೂ ಎಬ್ಬಿಸಿದ್ದೇನೆ. ಅದು ಇವತ್ತಿಗೂ ಚುಚ್ಚುತ್ತದೆ. 2019ರ ಅಕ್ಟೋಬರಿನಲ್ಲಿ ನರ್ಸಿಂಗ್ ಹೋಮುಗಳ ಆ 720 ನಿಮಿಷದ ಪದ್ಧತಿ ಹೋಗಿ, ರೋಗಿಯ ಸ್ಥಿತಿ ನೋಡಿ ಹಣ ಕೊಡುವುದು ಶುರುವಾಯಿತು. ಒಳ್ಳೆಯದೇ. ಆದರೆ ನಿಮಿಷಕ್ಕೆ ಬೆಲೆ ಹೋದ ಕೂಡಲೇ ಎಷ್ಟೋ ಥೆರಪಿಸ್ಟರ ಕೆಲಸವೂ ಹೋಯಿತು!

ಹಾಗಂತ ಊರೇ ಚೆಂದ ಅನ್ನಲಾರೆ. ಬೆಂಗಳೂರಿನಲ್ಲಿ ನಾಲ್ಕೂವರೆ ವರ್ಷ ಓದಿ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಬರುತ್ತಿದ್ದದ್ದು 'ಐಎಫ್‌ಟಿ, 10 ದಿನ' ಅನ್ನೋ ಡಾಕ್ಟರ ಚೀಟಿ. ಐಎಫ್‌ಟಿ ಅಂದರೆ ನೋವಿಗೆ ಸಣ್ಣ ಕರೆಂಟ್ ಹಾಯಿಸುವ ಚಿಕಿತ್ಸೆ. ಯಾಕೆ ಅಂತ ಕೇಳುವ ಹಾಗಿರಲಿಲ್ಲ. ಜನರ ಬಾಯಲ್ಲಿ ನಾವು 'ಕರೆಂಟ್ ಕೊಡೋರು'. ಇಲ್ಲಿ ಅಮೆರಿಕದಲ್ಲಿ ರೋಗಿಯನ್ನು ನೋಡಿ ಏನು ಮಾಡಬೇಕು ಅಂತ ನಾನೇ ತೀರ್ಮಾನಿಸುತ್ತೇನೆ. ಆ ಮರ್ಯಾದೆ ಸಿಕ್ಕಿದ್ದಕ್ಕೇ ನಾನು ಉಳಿದೆ, ಬರೀ ಡಾಲರಿಗಲ್ಲ.

ಹುಡುಗಿಗೆ ಆಸ್ಪತ್ರೆಯಲ್ಲಿ ತಿಂಗಳಿಗೆ 18,000 ರೂಪಾಯಿ. ಅದು ಸಾಲದೆ ಸಂಜೆ ಮನೆ ಮನೆ ಸುತ್ತುತ್ತಾಳೆ. "ನಾನೂ ಅಲ್ಲಿಗೆ ಬರಲಾ ಅಣ್ಣಾ?" ಅಂದಳು. ಬಾ ಅನ್ನಲು ಬಾಯಿ ಬರಲಿಲ್ಲ. ಇಂಥವಳನ್ನು ಉಳಿಸಿಕೊಳ್ಳಬೇಕಾದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಓಟಿ ಹುದ್ದೆ ಬೇಕು, ಬದುಕಲು ಸಾಕಾಗುವ ಸಂಬಳ ಬೇಕು, ಚೀಟಿಯ ಬದಲು ಅವಳ ಮಾತು ನಡೆಯಬೇಕು. ನಮ್ಮ ನಿಮಿಷದ ಲೆಕ್ಕವನ್ನಂತೂ ದಯವಿಟ್ಟು ಅಲ್ಲಿಗೆ ತರಬೇಡಿ. ರಂಗೋಲಿಗೆ ಚಿಟಿಕೆ ಹಿಡಿಯೋದಕ್ಕೇ ಅತ್ತೆಗೆ ಆರು ವಾರ ಹಿಡಿಯಿತು.